ಗಾಡಿ ರಿಪೇರಿಗೆ ಮುನ್ನ ದೋಷ ಸಂಕೇತ ಬರೆದಿಟ್ಟುಕೊಳ್ಳಿ



ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು ಪರೀಕ್ಷೆಗೆ ಕಳುಹಿಸಬೇಕಾದರೆ ಪಶುವೈದ್ಯರು ಸೂಜಿಮದ್ದು ಕೊಡುವ ಮೊದಲೇ ಮಾದರಿ ತೆಗೆಯುತ್ತಾರೆ. ಮದ್ದು ಕೊಟ್ಟ ಮೇಲೆ ತೆಗೆದ ಹಾಲಿನಲ್ಲಿ ರೋಗಾಣು ಸಿಗದೆ ಹೋಗಬಹುದು. ನಿಮ್ಮ ಕಾರು ಅಥವಾ ಹಾಲಿನ ಕ್ಯಾನು ಸಾಗಿಸುವ ಪಿಕಪ್ ಗಾಡಿಯ ವಿಷಯವೂ ಹೀಗೆಯೇ.

ದೇಶದಾದ್ಯಂತ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದಿದೆ. ಇಂತಹ ಗಾಡಿಗಳ ಎಂಜಿನ್ನನ್ನು ಒಂದು ಪುಟ್ಟ ಕಂಪ್ಯೂಟರ್ ಸದಾ ಗಮನಿಸುತ್ತಿರುತ್ತದೆ. ದೋಷ ಕಂಡಾಗ ಮುಂಭಾಗದ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಸಿ, ಒಂದು ಸಂಕೇತವನ್ನು ನೆನಪಿನಲ್ಲಿಡುತ್ತದೆ. ದೋಷ ಕಂಡ ಕ್ಷಣದಲ್ಲಿ ಗಾಡಿಯ ವೇಗ, ಎಂಜಿನ್ನಿನ ಸುತ್ತು, ಶಾಖ, ಹೊರೆ ಎಷ್ಟಿತ್ತೆಂಬುದನ್ನೂ ದಾಖಲಿಸುತ್ತದೆ.

ಬ್ಯಾಟರಿಯ ತಂತಿ ಬಿಚ್ಚಿದರೆ ಅನೇಕ ಗಾಡಿಗಳಲ್ಲಿ ಈ ದಾಖಲೆ ಅಳಿಸಿಹೋಗುತ್ತದೆ. ದೀಪ ಆರುತ್ತದೆ, ಆದರೆ ದೋಷ ಹೋಗಿರುವುದಿಲ್ಲ. ನಾಲ್ಕು ದಿನದ ನಂತರ ಗಾಡಿ ಮತ್ತೆ ದಾರಿಯಲ್ಲಿ ನಿಂತರೆ ಕ್ಯಾನಿನಲ್ಲಿರುವ ಹಾಲು ಕೆಡುತ್ತದೆ. ಮೆಕ್ಯಾನಿಕ್ ಕೂಡ ಊಹೆಯ ಮೇಲೆ ಬಿಡಿಭಾಗ ಬದಲಾಯಿಸಬೇಕಾಗುತ್ತದೆ. ಎರಡೂ ನಷ್ಟ ನಿಮ್ಮದೇ.

ಆದ್ದರಿಂದ ಈ ಕ್ರಮ ಅನುಸರಿಸಿ:

1. ದೀಪ ಹೊತ್ತಿದ ದಿನಾಂಕ, ಮೀಟರಿನ ಕಿಲೋಮೀಟರ್, ಆಗಿನ ಸಂದರ್ಭ (ಏರು ರಸ್ತೆ, ಹೊರೆ, ಮಳೆ, ಹೊಸದಾಗಿ ಹಾಕಿಸಿದ ಡೀಸೆಲ್) ಬರೆದಿಡಿ.

2. ಸಂಕೇತ ಓದುವವರೆಗೆ ಬ್ಯಾಟರಿ ಬಿಚ್ಚಲು ಬಿಡಬೇಡಿ.

3. ಸ್ಟಿಯರಿಂಗ್ ಕೆಳಭಾಗದಲ್ಲಿ ಸಾಮಾನ್ಯವಾಗಿ 16 ತೂತುಗಳ ಸಾಕೆಟ್ ಇರುತ್ತದೆ. ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ, ಅದಕ್ಕೆ ಸ್ಕ್ಯಾನರ್ ಜೋಡಿಸಲು ಹೇಳಿ.

4. ಬಂದ ಸಂಕೇತಗಳನ್ನೆಲ್ಲ ಒಂದಕ್ಷರವೂ ಬಿಡದೆ ಬರೆದುಕೊಳ್ಳಿ. ಇನ್ನೂ ಖಚಿತವಾಗದ ಸಂಕೇತಗಳಿದ್ದರೆ ಅವನ್ನೂ ಬಿಡಬೇಡಿ. ಪರದೆಯ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಇದಾದ ಮೇಲೆಯೇ ಸ್ಪ್ಯಾನರ್ ಮುಟ್ಟಲಿ.

5. ರಿಪೇರಿ ಮುಗಿದ ನಂತರ ಸಂಕೇತ ಅಳಿಸಿ, ಕೆಲವು ದಿನ ಓಡಿಸಿ, ಮತ್ತೊಮ್ಮೆ ಓದಿಸಿ. ಹಳೆಯ ಸಂಕೇತವೇ ಮರಳಿದರೆ ಮೂಲ ದೋಷ ಉಳಿದಿದೆ ಎಂದರ್ಥ.

ಒಂದು ಮಾತು ನೆನಪಿರಲಿ. ಸಂಕೇತವು ಕೆಟ್ಟ ಭಾಗದ ಹೆಸರನ್ನೇ ಹೇಳುವುದಿಲ್ಲ; ಹುಡುಕಬೇಕಾದ ಜಾಗವನ್ನು ತೋರಿಸುತ್ತದೆ. ಉದಾಹರಣೆಗೆ, ಪಿ 0087 ಎಂದರೆ ಇಂಧನದ ಒತ್ತಡ ಕಡಿಮೆಯಾಗಿದೆ ಎಂದು. ಇದಕ್ಕೆ ಕಟ್ಟಿಕೊಂಡ ಡೀಸೆಲ್ ಫಿಲ್ಟರ್ ಕಾರಣವಿರಬಹುದು, ಸೋರುವ ಕೊಳವೆ ಇರಬಹುದು, ಸವೆದ ಪಂಪೂ ಇರಬಹುದು. ಅಗ್ಗದ ಫಿಲ್ಟರ್ ನೋಡದೆ ದುಬಾರಿ ಪಂಪ್ ಬದಲಿಸಲು ಒಪ್ಪಬೇಡಿ. ಭಾರ ಹೊತ್ತು ಏರು ಹತ್ತುವಾಗ ಮಾತ್ರ ಈ ದೋಷ ಬಂದಿದೆಯೆಂದು ದಾಖಲೆ ತೋರಿಸಿದರೆ ಮೆಕ್ಯಾನಿಕ್‌ಗೆ ಅದೇ ದೊಡ್ಡ ಸುಳಿವು.

ಎಚ್ಚರಿಕೆ: ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದರೆ ಯಾವ ಸಂಕೇತಕ್ಕೂ ಕಾಯದೆ ಕೂಡಲೇ ಎಂಜಿನ್ ನಿಲ್ಲಿಸಿ.

ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ದಿನಾಂಕವನ್ನು ನೀವು ಬರೆದಿಡುತ್ತೀರಿ. ಅದೇ ಪುಸ್ತಕದ ಕೊನೆಯ ಎರಡು ಪುಟ ಗಾಡಿಗೂ ಮೀಸಲಿರಲಿ.