ಬದಲಾವಣೆಯ ಲೆಕ್ಕಪುಸ್ತಕ

ಬದಲಾಪುರವೆಂಬ ಹೆಸರಿನಲ್ಲಿಯೇ ಬದಲಾವಣೆ ಅಡಗಿದೆ. ಹಿಂದಿನ ಕಾಲದಲ್ಲಿ ದೂರ ಪ್ರಯಾಣದ ಸವಾರರು ದಣಿದ ಕುದುರೆಗಳನ್ನು ಇಲ್ಲಿ ಬಿಟ್ಟು ಬೇರೆ ಕುದುರೆಗಳನ್ನೇರಿ ಮುಂದೆ ಸಾಗುತ್ತಿದ್ದರೆಂದೂ, ಅದರಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಪ್ರತೀತಿ. ಇಂದು ಬದಲಾಗುವುದು ಕುದುರೆಯಲ್ಲ, ರೈಲುಗಾಡಿ. ಮುಂಜಾನೆ ಇಲ್ಲಿಂದ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ, ಘನಸೋಲಿ, ಮಹಾಪೆಗಳ ಕಚೇರಿಗಳಿಗೆ ತೆರಳುವ ತರುಣ ತರುಣಿಯರಲ್ಲಿ ಕನ್ನಡ ಮನೆಗಳ ಮಕ್ಕಳೂ ಇದ್ದಾರೆ. ಅವರ ಉದ್ಯೋಗವೇನೆಂದು ಕೇಳಿದರೆ “ಸಾಫ್ಟ್‌ವೇರ್” ಎಂಬ ಒಂದೇ ಮಾತಿನ ಉತ್ತರ ದೊರೆಯುತ್ತದೆ. ಮನೆಯ ಹಿರಿಯರಿಗೆ ಅದಕ್ಕಿಂತ ಹೆಚ್ಚು ತಿಳಿಯುವುದಿಲ್ಲ.

ಆ ಉದ್ಯೋಗದ ತಳಹದಿಯಾದ ಒಂದು ಶಿಸ್ತನ್ನು ಇಲ್ಲಿ ಪರಿಚಯಿಸಲಾಗಿದೆ. ಹತ್ತಾರು ಜನ ಒಂದೇ ತಂತ್ರಾಂಶವನ್ನು ಏಕಕಾಲದಲ್ಲಿ ತಿದ್ದುತ್ತಿರುವಾಗ, ಯಾರು, ಯಾವಾಗ, ಏನನ್ನು, ಏಕೆ ಬದಲಿಸಿದರೆಂಬುದನ್ನು ಅಳಿಯದಂತೆ ದಾಖಲಿಸಿಡುವ ಪದ್ಧತಿಯದು. ಇದಕ್ಕೆ ಆವೃತ್ತಿ ನಿಯಂತ್ರಣವೆಂದು ಹೆಸರು.

ಹಳೆಯ ಸಮಸ್ಯೆ, ಹೊಸ ಉಪಾಯ

ಸಮಸ್ಯೆ ಕನ್ನಡಿಗರಿಗೆ ಹೊಸತೇನಲ್ಲ. ತಾಳೆಗರಿಯ ಕಾಲದಲ್ಲಿ ಒಂದು ಪ್ರತಿಯಿಂದ ಇನ್ನೊಂದನ್ನು ಬರೆಯುವಾಗ ಪ್ರತಿಕಾರನ ಕೈತಪ್ಪೂ ಸೇರುತ್ತಿತ್ತು, ಅವನ ತಿದ್ದುಪಡಿಯೂ ಸೇರುತ್ತಿತ್ತು. ಯಾವುದು ಮೂಲ, ಯಾವುದು ಪಾಠಾಂತರ ಎಂಬುದನ್ನು ನಿರ್ಣಯಿಸಲು ವಿದ್ವಾಂಸರು ವರ್ಷಗಟ್ಟಲೆ ಶ್ರಮಿಸಬೇಕಾಯಿತು. ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಪಾದಿಸಿದ ‘ಶೂನ್ಯಸಂಪಾದನೆ’ಯನ್ನು ಅವರ ತರುವಾಯ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದರು. ಈ ನಾಲ್ಕು ಪರಿಷ್ಕರಣಗಳೂ ಕರ್ತೃಗಳ ಹೆಸರಿನೊಡನೆ ಉಳಿದುಬಂದಿರುವುದರಿಂದಲೇ ಇಂದು ಅವುಗಳನ್ನು ಹೋಲಿಸಿ ನೋಡುವುದು ಸಾಧ್ಯವಾಗಿದೆ.

ಲೆಕ್ಕಪತ್ರದ ಕ್ಷೇತ್ರದಲ್ಲಿಯೂ ಇದೇ ನೀತಿಯಿದೆ. ಲೆಡ್ಜರಿನಲ್ಲಿ ತಪ್ಪು ಬರೆದರೆ ಅದನ್ನು ರಬ್ಬರಿನಿಂದ ಅಳಿಸುವಂತಿಲ್ಲ. ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದ ಮೊಬಲಗನ್ನು ಬರೆದು, ಅಧಿಕಾರಿಯ ಸಹಿ ಪಡೆಯಬೇಕು. ಇಲ್ಲವೇ ತಪ್ಪು ನಮೂದಿಗೆ ವಿರುದ್ಧ ನಮೂದು ಹಾಕಬೇಕು. ಬರೆದವನೊಬ್ಬ, ಪರಿಶೀಲಿಸುವವನು ಮತ್ತೊಬ್ಬ. ತಂತ್ರಾಂಶದ ಜಗತ್ತು ಬಹುಮಟ್ಟಿಗೆ ಇದೇ ನೀತಿಯನ್ನು ಅನುಸರಿಸಿದೆಯೆಂದರೆ ಉತ್ಪ್ರೇಕ್ಷೆಯಾಗಲಾರದು.

1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮಾರ್ಕ್ ರಾಕ್‌ಕೈಂಡ್ ಅವರು ಈ ಬಗೆಯ ಮೊದಮೊದಲ ವ್ಯವಸ್ಥೆಯೊಂದನ್ನು ರಚಿಸಿದರು. ಇಂದು ಅತ್ಯಂತ ಪ್ರಚಲಿತವಾಗಿರುವ ‘ಗಿಟ್’ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ತಂಡದವರು ಬಳಸುತ್ತಿದ್ದ ಖಾಸಗಿ ವ್ಯವಸ್ಥೆಯೊಂದರ ಉಚಿತ ಪರವಾನಗಿ ನಿಂತುಹೋದಾಗ, ಲೈನಸ್ ಟೋರ್ವಾಲ್ಡ್ಸ್ ಅವರು ಕೆಲವೇ ದಿನಗಳಲ್ಲಿ ಇದನ್ನು ಬರೆದರು. ಅದೇ ವರ್ಷ ಜುಲೈ 26ರಂದು ಅದರ ಪಾಲನೆಯನ್ನು ಜೂನಿಯೋ ಹಮಾನೋ ಅವರಿಗೆ ವಹಿಸಿದರು. ಈ ದಿನಾಂಕವನ್ನು ಬದಲಾಪುರದವರು ಮರೆಯುವಂತಿಲ್ಲ. ಅಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಉಲ್ಹಾಸ ನದಿ ಉಕ್ಕಿ ಈ ಭಾಗದ ಮನೆಗಳಿಗೆ ನುಗ್ಗಿತು. ನೆಲ ಅಂತಸ್ತಿನ ಕಪಾಟಿನಲ್ಲಿ ಒಂದೇ ಪ್ರತಿಯಾಗಿ ಇರಿಸಿದ ಕಾಗದಪತ್ರಗಳಿಗೆ ಪ್ರವಾಹದಲ್ಲಿ ಏನಾಗುತ್ತದೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಗಿಟ್‌ನ ವೈಶಿಷ್ಟ್ಯ ಇರುವುದೇ ಅಲ್ಲಿ. ಸಾಮಾನ್ಯವಾಗಿ ತಂಡದ ಪ್ರತಿಯೊಬ್ಬನ ಗಣಕಯಂತ್ರದಲ್ಲಿಯೂ ಕಡತಗಳು ಮಾತ್ರವಲ್ಲದೆ ಅವುಗಳ ಪೂರ್ವೇತಿಹಾಸವೂ ಇರುತ್ತದೆ. ಒಂದು ಯಂತ್ರ ಮುಳುಗಿದರೂ ಇತಿಹಾಸ ಮುಳುಗುವುದಿಲ್ಲ.

ದಿನಚರಿಯ ಕ್ರಮ

ಮುಖ್ಯ ಪ್ರತಿಯನ್ನು ಯಾರೂ ನೇರವಾಗಿ ಮುಟ್ಟಬಾರದು ಎಂಬುದು ಉತ್ತಮ ತಂಡಗಳ ಮೊದಲನೆಯ ನಿಯಮ. ಕೆಲಸಗಾರನು ಬೆಳಿಗ್ಗೆ ಮುಖ್ಯ ಪ್ರತಿಯ ಇತ್ತೀಚಿನ ರೂಪವನ್ನು ತರಿಸಿಕೊಂಡು, ಅದರಿಂದ ತನ್ನದೊಂದು ಕವಲನ್ನು ತೆಗೆಯುತ್ತಾನೆ. ಇದಕ್ಕೆ ಬ್ರ್ಯಾಂಚ್ ಎನ್ನುತ್ತಾರೆ. ಅಲ್ಲಿ ಮಾಡಿದ ಪ್ರತಿಯೊಂದು ಸಣ್ಣ ಬದಲಾವಣೆಯನ್ನೂ ‘ಕಮಿಟ್’ ಎಂಬ ನಮೂದಾಗಿ ದಾಖಲಿಸುತ್ತಾನೆ. ನಮೂದಿನಲ್ಲಿ ಹೆಸರು ಮತ್ತು ಸಮಯಗಳೊಡನೆ ಒಂದು ಟಿಪ್ಪಣಿಯೂ ಇರುತ್ತದೆ. “ತಿದ್ದಲಾಗಿದೆ” ಎಂಬ ಟಿಪ್ಪಣಿ ನಿರರ್ಥಕ. “ಅಧಿಕ ವರ್ಷದ ಫೆಬ್ರುವರಿ 29ಕ್ಕೆ ಬಡ್ಡಿ ಲೆಕ್ಕ ತಪ್ಪುತ್ತಿದ್ದುದನ್ನು ಸರಿಪಡಿಸಿದೆ” ಎಂಬುದು ಸಾರ್ಥಕ. ವರ್ಷಗಳ ನಂತರ ಅದನ್ನು ಓದುವವನಿಗೆ ಏನು ಬದಲಾಯಿತೆಂಬುದಕ್ಕಿಂತ ಏಕೆ ಬದಲಾಯಿತೆಂಬುದೇ ಮುಖ್ಯವಾಗುತ್ತದೆ.

ಕೆಲಸ ಮುಗಿದ ಮೇಲೆ ಅದನ್ನು ಮುಖ್ಯ ಪ್ರತಿಗೆ ಸೇರಿಸಬೇಕೆಂದು ಮನವಿ ಸಲ್ಲಿಸಲಾಗುತ್ತದೆ. ಸಹೋದ್ಯೋಗಿಯೊಬ್ಬರು ಸಾಲುಸಾಲಾಗಿ ಓದಿ ಆಕ್ಷೇಪಗಳನ್ನು ಬರೆಯುತ್ತಾರೆ. ಯಂತ್ರವೂ ಮೊದಲೇ ಬರೆದಿಟ್ಟ ಪರೀಕ್ಷೆಗಳನ್ನು ತಾನಾಗಿ ನಡೆಸುತ್ತದೆ. ಎರಡರಲ್ಲಿಯೂ ತೇರ್ಗಡೆಯಾದ ಬಳಿಕವೇ ವಿಲೀನ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಯಂತ್ರವು ತಾನೇ ತೀರ್ಪು ಕೊಡದೆ ಕೆಲಸವನ್ನು ನಿಲ್ಲಿಸುತ್ತದೆ. ಕುಳಿತು ಮಾತನಾಡಿ ಬಗೆಹರಿಸಬೇಕಾದವರು ಮನುಷ್ಯರೇ. ಕವಲು ಹೆಚ್ಚು ದಿನ ಪ್ರತ್ಯೇಕವಾಗಿ ಉಳಿದಷ್ಟೂ ಈ ಘರ್ಷಣೆ ಹೆಚ್ಚುವುದರಿಂದ, ಸಣ್ಣ ಬದಲಾವಣೆಗಳನ್ನು ಬೇಗ ಬೇಗನೆ ಸೇರಿಸುವುದು ಮೇಲು.

ಗ್ರಾಹಕರಿಗೆ ಬಿಡುಗಡೆಯಾದ ರೂಪಕ್ಕೆ ‘ಟ್ಯಾಗ್’ ಎಂಬ ಗುರುತು ಹಾಕುತ್ತಾರೆ. ಬಿಡುಗಡೆಯಲ್ಲಿ ದೋಷ ಕಂಡರೆ ‘ರಿವರ್ಟ್’ ಎಂಬ ವಿರುದ್ಧ ನಮೂದಿನಿಂದ ಹಿಂದಿನ ಸ್ಥಿತಿಗೆ ಮರಳಬಹುದು. ತಪ್ಪೂ ಉಳಿಯುತ್ತದೆ, ತಿದ್ದುಪಡಿಯೂ ಉಳಿಯುತ್ತದೆ. ಎಲ್ಲರೂ ಹಂಚಿಕೊಂಡ ಇತಿಹಾಸವನ್ನು ಬಲವಂತವಾಗಿ ತಿರುಚಿ ಬರೆಯುವುದು ಲೆಡ್ಜರಿನ ಹಾಳೆ ಹರಿದಷ್ಟೇ ಅಪರಾಧ. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪಾಸ್‌ವರ್ಡುಗಳನ್ನು ಈ ದಾಖಲೆಯೊಳಗೆ ಎಂದಿಗೂ ಸೇರಿಸಬಾರದು. ಮರುದಿನ ತೆಗೆದುಹಾಕಿದರೂ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ. ಆಗ ಪಾಸ್‌ವರ್ಡನ್ನೇ ಬದಲಿಸುವುದು ಸುರಕ್ಷಿತ ಮಾರ್ಗ.

ಶಿಸ್ತು ತಪ್ಪಿದಾಗ

ಈ ನಿಯಮಗಳು ಕೇವಲ ಕಟ್ಟುಪಾಡುಗಳಲ್ಲವೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರ ಸಂಸ್ಥೆ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರುಗಳಿಗೂ ಮಿಕ್ಕಿ ಕಳೆದುಕೊಂಡಿತು. ಹೊಸ ತಂತ್ರಾಂಶವನ್ನು 8 ಯಂತ್ರಗಳಲ್ಲಿ ಅಳವಡಿಸಬೇಕಾಗಿದ್ದಾಗ ಒಂದು ಬಿಟ್ಟುಹೋಗಿತ್ತು. ಆ ಒಂದು ಯಂತ್ರದಲ್ಲಿ, ಬಹುಕಾಲದಿಂದ ಬಳಕೆಯಲ್ಲಿಲ್ಲದ ಹಳೆಯ ಭಾಗವು ಎಚ್ಚೆತ್ತು ಬೇಡದ ಖರೀದಿ ಮಾರಾಟಗಳನ್ನು ನಡೆಸತೊಡಗಿತು. ಗಾಬರಿಯಲ್ಲಿ ಉಳಿದ 7 ಯಂತ್ರಗಳಿಂದ ಹೊಸದನ್ನು ತೆಗೆದುದರಿಂದ ಅನಾಹುತ ಇಮ್ಮಡಿಸಿತು. ಅಳವಡಿಸಿದವನ ಕೆಲಸವನ್ನು ಎರಡನೆಯವರು ಪರಿಶೀಲಿಸಬೇಕೆಂಬ ಲಿಖಿತ ಕ್ರಮವೇ ಅಲ್ಲಿರಲಿಲ್ಲವೆಂದು ಅಲ್ಲಿನ ಷೇರುಪೇಟೆ ನಿಯಂತ್ರಣ ಆಯೋಗ 2013ರಲ್ಲಿ ದಾಖಲಿಸಿತು.

ಎರಡನೆಯದು 2017ರ ಜನವರಿ 31ರ ರಾತ್ರಿಯ ಘಟನೆ. ಇದೇ ಬಗೆಯ ಸೇವೆಯನ್ನು ಒದಗಿಸುವ ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು, ಹೊತ್ತು ಮೀರಿದ ಮೇಲೂ ತೊಂದರೆಯೊಂದನ್ನು ನಿವಾರಿಸಲು ಹೆಣಗುತ್ತ, ಉಪಯಂತ್ರವೆಂದು ಭಾವಿಸಿ ಮುಖ್ಯಯಂತ್ರದ ಮಾಹಿತಿಕೋಶವನ್ನೇ ಅಳಿಸತೊಡಗಿದರು. ಒಂದೆರಡು ಕ್ಷಣಗಳಲ್ಲಿ ಅರಿವಾಗಿ ನಿಲ್ಲಿಸಿದರೂ ಸುಮಾರು 300 ಗಿಗಾಬೈಟ್‌ಗಳಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ಇದೆಯೆಂದು ನಂಬಿದ್ದ ಬದಲಿ ಪ್ರತಿಗಳು ಬಹುಪಾಲು ನಿರುಪಯುಕ್ತವಾಗಿದ್ದವು. ಸುಮಾರು ಆರು ಗಂಟೆಗಳ ಹಿಂದೆ ತೆಗೆದಿರಿಸಿದ್ದ ಒಂದು ಪ್ರತಿಯೇ ಆಪದ್ಬಾಂಧವವಾಯಿತು. ಬಳಕೆದಾರರ ಗಿಟ್ ಭಂಡಾರಗಳು ಬೇರೆಡೆ ಇದ್ದುದರಿಂದ ಅವು ಸುರಕ್ಷಿತವಾಗಿ ಉಳಿದವು. ಸಂಸ್ಥೆಯು ತಪ್ಪನ್ನು ಮುಚ್ಚಿಡದೆ ವಿವರವಾಗಿ ಪ್ರಕಟಿಸಿದ್ದು ಶ್ಲಾಘನೀಯ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇತರರಿಗಾದರೂ ಅನ್ವಯಿಸದಿರಲೆಂಬುದೇ ಅದರ ಆಶಯವಾಗಿದ್ದೀತು.

ಆರೋಗ್ಯದ ಪ್ರಶ್ನೆ

ಈ ಶಿಸ್ತಿಗೂ ದೇಹಾರೋಗ್ಯಕ್ಕೂ ನಿಕಟ ಸಂಬಂಧವಿದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ನಿದ್ರೆಗೆಟ್ಟವನ ಗಮನ ಕುಗ್ಗುತ್ತದೆ, ನಿರ್ಣಯ ತಪ್ಪುತ್ತದೆ, ಹಾಗೆಯೇ ಮುಂದುವರಿದರೆ ರಕ್ತದೊತ್ತಡ, ಮಧುಮೇಹಗಳ ಭಯವೂ ಹೆಚ್ಚುತ್ತದೆ. ಬದಲಾಪುರದಿಂದ ಹೋಗಿ ಬರುವ ತರುಣನಿಗೆ ಪ್ರಯಾಣದಲ್ಲಿಯೇ ದಿನದ ಒಂದು ಪಾಲು ಕಳೆಯುತ್ತದೆ. ಮನೆ ಸೇರಿ ಊಟಕ್ಕೆ ಕುಳಿತಾಗ “ಏನೋ ಕೆಟ್ಟಿದೆ, ಯಾರು ಬದಲಿಸಿದರೋ ತಿಳಿಯದು” ಎಂಬ ಕರೆ ಬಂದರೆ ಆ ರಾತ್ರಿಯ ನಿದ್ರೆ ಮುಗಿಯಿತು. ದಾಖಲೆ ಕ್ರಮಬದ್ಧವಾಗಿದ್ದಲ್ಲಿ, ಕರ್ತವ್ಯದಲ್ಲಿರುವ ಯಾರಾದರೊಬ್ಬರು ಕೊನೆಯ ಬದಲಾವಣೆಯನ್ನು ಗುರುತಿಸಿ ಹಿಂದಿನ ರೂಪಕ್ಕೆ ಮರಳಿಸಬಹುದು. ಕಾರಣವನ್ನು ಬೆಳಿಗ್ಗೆ ತಿಳಿಯಾದ ಮನಸ್ಸಿನಿಂದ ಹುಡುಕಬಹುದು. ಶುಕ್ರವಾರ ಸಂಜೆ ಹೊಸ ಬಿಡುಗಡೆ ಬೇಡವೆಂದು ಎಷ್ಟೋ ತಂಡಗಳು ಪಾಲಿಸುವ ಕಟ್ಟಳೆಯ ಹಿಂದೆಯೂ ಈ ವಿವೇಕವೇ ಇದೆ.

ಮನುಷ್ಯನಾದವನು ತಪ್ಪು ಮಾಡದಿರಲಾರ. ಆದರೆ ಮಾಡಿದ ತಪ್ಪು ಬೇಗ ಕಾಣುವಂತೆ, ಕಂಡದ್ದು ಸುಲಭವಾಗಿ ಸರಿಪಡುವಂತೆ ವ್ಯವಸ್ಥೆ ಮಾಡಿಕೊಳ್ಳುವುದು ಅವನ ಕೈಯಲ್ಲಿದೆ. ಮನೆಯ ಹಿರಿಯರು ಮಕ್ಕಳನ್ನು “ಸಂಬಳವೆಷ್ಟು?” ಎಂದು ಕೇಳುವುದರ ಜೊತೆಗೆ, “ನಿನ್ನ ಕೆಲಸವನ್ನು ಇನ್ನೊಬ್ಬರು ನೋಡುತ್ತಾರೆಯೇ? ರಾತ್ರಿ ನಿದ್ರೆ ಬರುತ್ತದೆಯೇ?” ಎಂದೂ ಕೇಳಿದರೆ ಒಳಿತು. ಈ ಎರಡು ಪ್ರಶ್ನೆಗಳ ಉತ್ತರಗಳು ಒಂದನ್ನೊಂದು ಅವಲಂಬಿಸಿವೆ.