ತಲೆಗೆ ಪೆಟ್ಟು: ಮೊದಲ ಮೂರು ಗಂಟೆಗಳು

ತಲೆಗೆ ಪೆಟ್ಟು ಬಿದ್ದಾಗ ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತಸ್ರಾವವಾಗುತ್ತಿರಬಹುದು. ತಲೆಬುರುಡೆಯೊಳಗೆ ಶೇಖರವಾದ ರಕ್ತಕ್ಕೆ ಹೊರಹೋಗಲು ಎಡೆಯಿಲ್ಲದ ಕಾರಣ ಅದು ಮೆದುಳನ್ನೇ ಅದುಮುತ್ತದೆ.

2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ತರುವಾಯ ಕೋರಮಂಡಲ್, ಬಂಗಾರಪೇಟೆಗಳ ಅನೇಕರು ದುಡಿಮೆಗಾಗಿ ನಿತ್ಯವೂ ಬೆಂಗಳೂರಿಗೆ ಪ್ರಯಾಣಿಸುತ್ತಾರೆ. ರಸ್ತೆ ಅಪಘಾತದ ಭಯ ಯಾವ ಮನೆಗೂ ದೂರವಲ್ಲ. ಆದುದರಿಂದ ಪತಿಪತ್ನಿಯರಿಬ್ಬರೂ ಈ ವಿಷಯವನ್ನು ಅರಿತಿರಬೇಕು.

ಗ್ಲಾಸ್ಗೋ ನಗರದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ರೂಪಿಸಿದ ಮಾಪನದಂತೆ, ಗಾಯಾಳು ಕಣ್ಣು ತೆರೆಯುವ, ಮಾತನಾಡುವ, ಕೈಕಾಲು ಆಡಿಸುವ ರೀತಿಯನ್ನು ನೋಡಿ 3ರಿಂದ 15ರವರೆಗೆ ಅಂಕ ನೀಡುತ್ತಾರೆ. ಒಳಗಿನ ರಕ್ತಸ್ರಾವವನ್ನು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ.

ಹಿಂದೆ ಹಿತವೆಂದು ಕೊಡುತ್ತಿದ್ದ ಸ್ಟೀರಾಯ್ಡ್ ಔಷಧವು ಸಾವನ್ನು ಹೆಚ್ಚಿಸುತ್ತದೆಂದು 10,008 ಗಾಯಾಳುಗಳ ಸಂಶೋಧನೆ 2004ರಲ್ಲಿ ತಿಳಿಸಿತು. ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧವು ರಕ್ತಸ್ರಾವವನ್ನು ತಡೆಯಲು ನೆರವಾಗುತ್ತದೆ. ಪೆಟ್ಟು ಅಲ್ಪ ಅಥವಾ ಮಧ್ಯಮ ಪ್ರಮಾಣದ್ದಾಗಿದ್ದಲ್ಲಿ, ಇದನ್ನು 3 ಗಂಟೆಗಳೊಳಗೆ ನೀಡಿದರೆ ಸಾವು ಕಡಿಮೆಯಾಗುವುದೆಂದು 2019ರಲ್ಲಿ 29 ದೇಶಗಳ ಸಂಶೋಧನೆಯಿಂದ ತಿಳಿದುಬಂತು. ತಡವಾದಷ್ಟೂ ಪ್ರಯೋಜನ ಕುಂದುತ್ತದೆ.

ಮತ್ತೆ ಮತ್ತೆ ವಾಂತಿ, ಮಂಪರು, ತೊದಲು ಮಾತು, ಫಿಟ್ಸ್, ಕಿವಿ ಮೂಗುಗಳಿಂದ ರಕ್ತ ಅಥವಾ ನೀರು ಬರುವುದು: ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡಿರಿ. ಕತ್ತನ್ನು ಅಲುಗಿಸಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಮಲಗಿದರೆ ಸರಿಹೋದೀತೆಂದು ಕಾಯಲೇಬಾರದು. ಪೆಟ್ಟು ಬಿದ್ದ ವೇಳೆಯನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.

ದ್ವಿಚಕ್ರ ವಾಹನದಲ್ಲಿ ಸವಾರನೂ ಹಿಂದೆ ಕುಳಿತವರೂ ಹೆಲ್ಮೆಟ್ ಧರಿಸುವುದು ಕುಟುಂಬದ ಕ್ಷೇಮಕ್ಕೆ ಅತ್ಯಗತ್ಯ.