ಹಾಂಗ್‌ಝೌ ಪದಕಗಳಿಂದ ಪ್ಯಾರಿಸನ್ನು ಅಳೆಯಬೇಡಿ

2023ರ ಅಕ್ಟೋಬರ್‌ನಲ್ಲಿ ಮುಗಿದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಿಂದ ಭಾರತ 107 ಪದಕಗಳೊಂದಿಗೆ ಮರಳಿತು: 28 ಚಿನ್ನ, 38 ಬೆಳ್ಳಿ, 41 ಕಂಚು, ಒಟ್ಟಾರೆ ನಾಲ್ಕನೇ ಸ್ಥಾನ. ‘ಇಸ್ ಬಾರ್, ಸೌ ಪಾರ್’ (ಈ ಬಾರಿ ನೂರರಾಚೆ) ಎಂಬ ಘೋಷಣೆ ನಿಜವಾಯಿತು. ಹತ್ತು ತಿಂಗಳ ನಂತರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು ಒಂದು ಬೆಳ್ಳಿ, ಐದು ಕಂಚು, ಸ್ಥಾನ 71. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಒಂದು ತೀರ್ಪು ಕೊಡಲಾಯಿತು, ಅದು ಇಂದಿಗೂ ಚಲಾವಣೆಯಲ್ಲಿದೆ: ಏಷ್ಯಾದಲ್ಲಿ ನೂರು ದಾಟಿದವರು ಒಲಿಂಪಿಕ್ಸ್‌ನಲ್ಲಿ ಕೈಚೆಲ್ಲಿದರು, ದೊಡ್ಡ ವೇದಿಕೆ ಎಂದರೆ ನಮ್ಮವರಿಗೆ ಕೈಕಾಲು ನಡುಗುತ್ತದೆ. ಈ ಮಾತು ತಪ್ಪು ಮಾತ್ರವಲ್ಲ, ಕ್ರೀಡಾಪಟುಗಳಿಗೆ ಮಾಡುವ ಅನ್ಯಾಯ. ಅರ್ಧ ಗಂಟೆ ಕುಳಿತು ಪಟ್ಟಿ ಓದಿದ ಯಾರೂ ಇದನ್ನು ಹೇಳಲಾರರು.

ಮೊದಲು ಆ 28 ಚಿನ್ನಗಳನ್ನೇ ಬಿಡಿಸಿ ನೋಡೋಣ. ಬಿಲ್ಲುಗಾರಿಕೆಯಲ್ಲಿ ಬಂದ ಐದೂ ಚಿನ್ನ ಕಾಂಪೌಂಡ್ ಬಿಲ್ಲಿನವು. ಪ್ಯಾರಿಸ್‌ನಲ್ಲಿ ಆ ಬಿಲ್ಲಿಗೆ ಜಾಗವೇ ಇರಲಿಲ್ಲ. ಕಬಡ್ಡಿಯಲ್ಲಿ ಎರಡು, ಕ್ರಿಕೆಟ್‌ನಲ್ಲಿ ಎರಡು, ಸ್ಕ್ವಾಷ್‌ನಲ್ಲಿ ಎರಡು ಚಿನ್ನ ಬಂದವು. ಆ ಮೂರೂ ಆಟ ಅಲ್ಲಿರಲಿಲ್ಲ. ಶೂಟಿಂಗ್‌ನ ಏಳು ಚಿನ್ನಗಳಲ್ಲಿ ಐದು ತಂಡ ವಿಭಾಗದವು. ಏಷ್ಯನ್ ಗೇಮ್ಸ್‌ನಲ್ಲಿ ಒಂದೇ ದೇಶದ ಮೂವರು ಅರ್ಹತಾ ಸುತ್ತಿನಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ತಂಡಕ್ಕೆ ಪದಕ ಕೊಡುತ್ತಾರೆ. ಹಾಗಾಗಿ ಒಂದೇ ಸುತ್ತಿನ ಗುಂಡುಗಳು ತಂಡದ ಪದಕವನ್ನೂ ತರುತ್ತವೆ, ವೈಯಕ್ತಿಕ ಫೈನಲ್‌ಗೂ ದಾರಿ ಮಾಡಿಕೊಡುತ್ತವೆ. ಒಲಿಂಪಿಕ್ಸ್‌ನಲ್ಲಿ ಇಂಥ ಪದಕವಿಲ್ಲ. ಅಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಇರುವ ಮಿಶ್ರ ಜೋಡಿ ಮಾತ್ರ. ಎಲ್ಲ ಕೂಡಿದರೆ 16. ಅಂದರೆ 28ರಲ್ಲಿ 16 ಚಿನ್ನ ಪ್ಯಾರಿಸ್‌ನಲ್ಲಿ ನಡೆಯದೇ ಇದ್ದ ಸ್ಪರ್ಧೆಗಳಿಗೆ ಸೇರಿದವು. ನಡೆಯದ ಸ್ಪರ್ಧೆಯಲ್ಲಿ ಸೋಲುವುದು ಹೇಗೆ? ಹಾಂಗ್‌ಝೌನಲ್ಲಿ ಒಟ್ಟು 481 ಸ್ಪರ್ಧೆಗಳಿದ್ದವು, ಪ್ಯಾರಿಸ್‌ನಲ್ಲಿ 329. ಚೆಸ್ ತಂಡಗಳ ಎರಡು ಬೆಳ್ಳಿ, ಬ್ರಿಡ್ಜ್‌ನ ಬೆಳ್ಳಿ, ವುಶುವಿನ ಬೆಳ್ಳಿ, ಸೆಪಕ್ ಟಕ್ರಾದ ಕಂಚು, ರೋಲರ್ ಸ್ಕೇಟಿಂಗ್‌ನ ಕಂಚುಗಳು ಎಲ್ಲವೂ ಆ 107ರೊಳಗೇ ಇವೆ. ಉಳಿದ 12 ಚಿನ್ನಗಳಲ್ಲಿಯೂ ಕೊಡಗಿನ ರೋಹನ್ ಬೋಪಣ್ಣ ಅವರು ರುತುಜಾ ಭೋಸಲೆ ಜೊತೆ ಗೆದ್ದ ಟೆನಿಸ್ ಮಿಶ್ರ ಡಬಲ್ಸ್‌ಗೆ ಪ್ಯಾರಿಸ್‌ನಲ್ಲಿ ಭಾರತದ ಜೋಡಿಯೇ ಕಣಕ್ಕಿಳಿಯಲಿಲ್ಲ.

ಇನ್ನು ‘ನಡುಗುವ ಕೈಕಾಲು’. ಅಥ್ಲೆಟಿಕ್ಸ್‌ನಲ್ಲಿ ಗಡಿಯಾರ, ಅಳತೆಪಟ್ಟಿ ಎರಡೂ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಅಲ್ಲಿಗೇ ಹೋಗೋಣ. ಅವಿನಾಶ್ ಸಾಬ್ಳೆ ಹಾಂಗ್‌ಝೌನಲ್ಲಿ 3000 ಮೀಟರ್ ಸ್ಟೀಪಲ್‌ಚೇಸನ್ನು 8 ನಿಮಿಷ 19.50 ಸೆಕೆಂಡ್‌ಗಳಲ್ಲಿ ಓಡಿ ಚಿನ್ನ ಗೆದ್ದರು. ಪ್ಯಾರಿಸ್ ಫೈನಲ್‌ನಲ್ಲಿ ಅವರ ಸಮಯ 8 ನಿಮಿಷ 14.18 ಸೆಕೆಂಡ್. ಐದು ಸೆಕೆಂಡ್‌ಗೂ ಹೆಚ್ಚು ವೇಗವಾಗಿ ಓಡಿದರು, ಬಂದಿದ್ದು 11ನೆಯವರಾಗಿ. ಇವರನ್ನು ವೇದಿಕೆಗೆ ಹೆದರಿದವರು ಎನ್ನಬೇಕೇ? ಎಲ್ಲರೂ ಹೀಗೆ ಸುಧಾರಿಸಿದರು ಎಂದು ನಾನು ವಾದಿಸುತ್ತಿಲ್ಲ. ಅನ್ನು ರಾಣಿ ಹಾಂಗ್‌ಝೌನಲ್ಲಿ ಜಾವೆಲಿನ್ ಅನ್ನು 62.92 ಮೀಟರ್ ಎಸೆದಿದ್ದರು, ಪ್ಯಾರಿಸ್‌ನಲ್ಲಿ 55.81 ಮೀಟರ್‌ಗೆ ನಿಂತರು. ಗುಂಡು ಎಸೆತದಲ್ಲಿ ತಜಿಂದರ್‌ಪಾಲ್ ತೂರ್ 20.36 ಮೀಟರ್‌ನಿಂದ 18.05ಕ್ಕೆ ಇಳಿದರು. ಇದನ್ನು ಹಿನ್ನಡೆ ಎಂದೇ ಕರೆಯಬೇಕು. ಆದರೆ ಅವರು ಹಾಂಗ್‌ಝೌನ ಸಾಧನೆಯನ್ನೇ ಪ್ಯಾರಿಸ್‌ನಲ್ಲಿ ಮತ್ತೆ ತೋರಿಸಿದ್ದರೆ ಏನಾಗುತ್ತಿತ್ತು? ಮಹಿಳಾ ಜಾವೆಲಿನ್ ಕಂಚು 63.68 ಮೀಟರ್‌ಗೆ ಹೋಯಿತು, ಗುಂಡು ಎಸೆತದ ಕಂಚು 22.15 ಮೀಟರ್‌ಗೆ. ಪಾರುಲ್ ಚೌಧರಿಗೆ 5000 ಮೀಟರ್ ಚಿನ್ನ ತಂದ ಸಮಯ 15 ನಿಮಿಷ 14.75 ಸೆಕೆಂಡ್, ಪ್ಯಾರಿಸ್‌ನ ಮೂರನೆಯವರು ಅದಕ್ಕಿಂತ 44 ಸೆಕೆಂಡ್ ಮೊದಲೇ ಗುರಿ ಮುಟ್ಟಿದ್ದರು. 4x400 ರಿಲೇ ತಂಡದ ಕಥೆಯೂ ಬೇರೆಯಲ್ಲ. ಅಥ್ಲೆಟಿಕ್ಸ್‌ನ ಆರೂ ಚಿನ್ನದ ಸಾಧನೆಗಳನ್ನು ಇದ್ದ ಹಾಗೆಯೇ ಪ್ಯಾರಿಸ್‌ಗೆ ಒಯ್ದಿದ್ದರೂ ಪದಕ ಬರುತ್ತಿದ್ದುದು ಒಂದಕ್ಕೆ ಮಾತ್ರ, ನೀರಜ್ ಚೋಪ್ರಾರ 88.88 ಮೀಟರ್‌ಗೆ. ಅವರು ಪ್ಯಾರಿಸ್‌ನಲ್ಲಿ 89.45 ಮೀಟರ್ ಎಸೆದು ಬೆಳ್ಳಿ ಗೆದ್ದೇ ಬಂದರು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪವೊಂದಿದೆ. ಚೀನಾ ಹಾಂಗ್‌ಝೌನಲ್ಲಿ 201 ಚಿನ್ನ ಗೆದ್ದು ಪ್ಯಾರಿಸ್‌ನಲ್ಲಿ 40ಕ್ಕೆ ಇಳಿಯಿತು. ಐದರಲ್ಲೊಂದು ಪಾಲು ಉಳಿಯಿತು. ಉಜ್ಬೇಕಿಸ್ತಾನ ಹಾಂಗ್‌ಝೌನಲ್ಲಿ 22 ಚಿನ್ನದೊಂದಿಗೆ ನಮಗಿಂತ ಕೆಳಗಿತ್ತು, ಪ್ಯಾರಿಸ್‌ನಲ್ಲಿ ಎಂಟು ಚಿನ್ನ ಗೆದ್ದು 13ನೇ ಸ್ಥಾನಕ್ಕೇರಿತು. ಹಾಗಿದ್ದರೆ ನಮಗೆ ಐದಾರಾದರೂ ಬರಬೇಕಿತ್ತಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಉತ್ತರ ಸಿಗುವುದು ಗೆದ್ದ ಆಟಗಳಲ್ಲಿ, ಗೆದ್ದ ಸಂಖ್ಯೆಯಲ್ಲಲ್ಲ. ಉಜ್ಬೇಕಿಸ್ತಾನದ ಎಂಟರಲ್ಲಿ ಐದು ಬಾಕ್ಸಿಂಗ್‌ನವು, ಉಳಿದ ಮೂರು ಕುಸ್ತಿ, ಜೂಡೊ, ಟೇಕ್ವಾಂಡೊದವು. ಚೀನಾ ಪ್ಯಾರಿಸ್‌ನಲ್ಲಿ ಡೈವಿಂಗ್‌ನ ಎಂಟೂ ಚಿನ್ನ, ಟೇಬಲ್ ಟೆನಿಸ್‌ನ ಐದೂ ಚಿನ್ನ ಬಾಚಿಕೊಂಡಿತು. ಈ ಆಟಗಳಲ್ಲಿ ಏಷ್ಯಾದ ಮೊದಲಿಗರೇ ಜಗತ್ತಿನ ಮೊದಲಿಗರು. ನಮ್ಮ ಚಿನ್ನಗಳು ಹೆಚ್ಚಾಗಿ ಬಂದಿದ್ದು ಪ್ಯಾರಿಸ್‌ನಲ್ಲಿ ಇಲ್ಲದ ಸ್ಪರ್ಧೆಗಳಿಂದ, ಇಲ್ಲವೇ ಏಷ್ಯಾದ ಮಟ್ಟ ಜಗತ್ತಿನ ಮಟ್ಟಕ್ಕಿಂತ ಬಹಳ ಕೆಳಗಿರುವ ಓಟ, ಎಸೆತಗಳಿಂದ. ಎರಡೂ ಮಟ್ಟ ಹತ್ತಿರವಿರುವಲ್ಲಿ ನಾವು ಪ್ಯಾರಿಸ್‌ನಲ್ಲಿಯೂ ಇದ್ದೆವು: ಶೂಟಿಂಗ್‌ನಲ್ಲಿ ಮೂರು ಕಂಚು, ಹಾಕಿಯಲ್ಲಿ ಒಂದು, ಕುಸ್ತಿಯಲ್ಲಿ ಒಂದು. ಜೊತೆಗೆ ಆರು ನಾಲ್ಕನೇ ಸ್ಥಾನಗಳು. ಜಗತ್ತಿನಲ್ಲಿ ನಾಲ್ಕನೆಯವರಾದ ಲಕ್ಷ್ಯ ಸೇನ್, ಮೀರಾಬಾಯಿ ಚಾನು ಅವರನ್ನು ‘ಬರಿಗೈಯಲ್ಲಿ ಬಂದವರು’ ಎಂದು ಬರೆದದ್ದನ್ನು ಓದಿದಾಗ ಸಿಟ್ಟು ಬರುತ್ತದೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. 1951ರ ದೆಹಲಿ ಕೂಟದಲ್ಲಿ ಎರಡನೆಯವರಾಗಿದ್ದ ನಾವು ಆಮೇಲೆ ಹಾಳಾದೆವು ಎನ್ನುವವರು, ಅಲ್ಲಿಗೆ ಬಂದದ್ದು 11 ದೇಶ ಮಾತ್ರ, ಚೀನಾ ಮತ್ತು ದಕ್ಷಿಣ ಕೊರಿಯಾ ಇರಲಿಲ್ಲ ಎಂಬುದನ್ನು ಸೇರಿಸಿ ಹೇಳಬೇಕು. ಕಬಡ್ಡಿ ಚಿನ್ನ ನಮಗೆ ಬರೆದಿಟ್ಟದ್ದು ಎನ್ನುವವರು, 2018ರಲ್ಲಿ ಜಕಾರ್ತದಲ್ಲಿ ಇರಾನ್ ನಮ್ಮ ಪುರುಷರನ್ನೂ ಮಹಿಳೆಯರನ್ನೂ ಸೋಲಿಸಿದ್ದನ್ನು ಮರೆತಿದ್ದಾರೆ. ಹಾಕಿಯನ್ನು ರಾಷ್ಟ್ರೀಯ ಕ್ರೀಡೆ ಎಂದು ಸರ್ಕಾರ ಎಂದೂ ಘೋಷಿಸಿಲ್ಲ.

ಹಾಂಗ್‌ಝೌ ಸಾಧನೆ ಸಣ್ಣದು ಎಂಬುದು ಇದರ ಅರ್ಥವಲ್ಲ. ಕಬಡ್ಡಿ ಆಡುವವರಿಗೆ, ಕಾಂಪೌಂಡ್ ಬಿಲ್ಲು ಹಿಡಿದವರಿಗೆ ಏಷ್ಯನ್ ಗೇಮ್ಸ್ ಬಹುದೊಡ್ಡ ವೇದಿಕೆ. ಅವರ ಚಿನ್ನ ಪೂರ್ತಿ ಚಿನ್ನವೇ. ಅದನ್ನು ಒಲಿಂಪಿಕ್ಸ್‌ಗೆ ಕೊಟ್ಟ ಮುಂಗಡ ಎಂದು ಲೆಕ್ಕ ಹಿಡಿದವರು ನಾವು. ಒಂದು ಸಂಖ್ಯೆ ದೊಡ್ಡದಾಗಿ ಕಂಡರೆ ಅದು ಯಾವುದರ ಎಣಿಕೆ ಎಂದು ಕೇಳದೆ ನಂಬುವುದು, ಮುಂದಿನ ಸಂಖ್ಯೆ ಚಿಕ್ಕದಾದರೆ ಯಾರನ್ನಾದರೂ ದೂರುವುದು ನಮ್ಮಲ್ಲಿ ಅಭ್ಯಾಸವೇ ಆಗಿದೆ. ಪರೀಕ್ಷೆಯ ಶೇಕಡಾವಾರು ಫಲಿತಾಂಶದಿಂದ ಹಿಡಿದು ಚುನಾವಣಾ ಸಮೀಕ್ಷೆಯವರೆಗೆ ಇದೇ ನಡೆಯುತ್ತದೆ. ಕ್ರೀಡೆಯಲ್ಲಿ ಮಾತ್ರ ಇದರ ಹೊಡೆತ ಬೀಳುವುದು ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಹುಡುಗ ಹುಡುಗಿಯರ ಮೇಲೆ.

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್, ಸ್ಕ್ವಾಷ್ ಮತ್ತು ಕಾಂಪೌಂಡ್ ಬಿಲ್ಲುಗಾರಿಕೆಯ ಮಿಶ್ರ ತಂಡ ಸ್ಪರ್ಧೆ ಸೇರಿವೆ. ಅಲ್ಲಿ ನಮ್ಮ ಪದಕ ಹೆಚ್ಚಿದರೆ ಅದರಲ್ಲೊಂದು ಪಾಲು ಈ ಸೇರ್ಪಡೆಯದೇ ಆಗಿರುತ್ತದೆ, ಆಗಲೂ ‘ನಡುಕ ಹೋಯಿತು’ ಎನ್ನುವುದು ಇಷ್ಟೇ ತಪ್ಪಾಗುತ್ತದೆ. ಅದಕ್ಕೂ ಮುಂಚಿನ ಏಷ್ಯನ್ ಗೇಮ್ಸ್ 2026ರಲ್ಲಿ ಜಪಾನಿನ ಐಚಿ-ನಗೋಯಾದ್ದು. ಅಲ್ಲಿನ ಫಲಿತಾಂಶ ಓದುವಾಗ ಪದಕದ ಬಣ್ಣದ ಜೊತೆಗೆ ಸ್ಪರ್ಧೆ ಯಾವುದು, ಸಮಯ ಎಷ್ಟು, ದೂರ ಎಷ್ಟು ಎಂಬುದನ್ನೂ ನೋಡಿ. ಪತ್ರಿಕೆಗಳು ಅದನ್ನು ಅಚ್ಚು ಹಾಕದಿದ್ದರೆ ಕೇಳಿ ಹಾಕಿಸಿ.